ಕೆರೆ–ಹೊಂಡಗಳಲ್ಲಿ ನೀಲಿ-ಹಸಿರು ಪಾಚಿಯ ಹಾವಳಿ ಮತ್ತು ಅದರ ಹತೋಟಿ

ಚಾಮುಂಡಿ ಬೆಟ್ಟದ ರಸ್ತೆಯ ತಿರುವುಗಳಲ್ಲಿ ನಿಂತು ಕೆಳಗೆ ನೋಡಿದರೆ ಮೈಸೂರು ನಗರದ ಜೊತೆಗೆ ಅದರ ಸುತ್ತಲಿನ ಕೆರೆಗಳೂ ಕಣ್ಣಿಗೆ ಬೀಳುತ್ತವೆ. ಬೆಟ್ಟದ ಬುಡದಲ್ಲೇ ಕಾರಂಜಿ ಕೆರೆ, ಊಟಿ ರಸ್ತೆಯ ಕಡೆಗೆ ದಳವಾಯಿ ಕೆರೆ, ನಗರದ ಆಚೆ ಬದಿಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಕುಕ್ಕರಹಳ್ಳಿ ಕೆರೆ. ಸುತ್ತಲ ಹಳ್ಳಿಗಳ ಜಮೀನಿನಲ್ಲಿ ಈಚಿನ ವರ್ಷಗಳಲ್ಲಿ, ಅದರಲ್ಲೂ 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ, ತೋಡಿದ ಕೃಷಿಹೊಂಡಗಳೂ ಇವೆ. ಈ ನೀರುಗಳೆಲ್ಲ ಒಂದೇ ಬಣ್ಣದಲ್ಲಿರುವುದಿಲ್ಲ. ಕೆಲವು ಕೆಮ್ಮಣ್ಣಿನ ಬಣ್ಣ, ಕೆಲವು ಬೂದು. ಮತ್ತೆ ಕೆಲವು, ಯಾರೋ ಡಬ್ಬಿಗಟ್ಟಲೆ ಬಣ್ಣ ಸುರಿದಂತೆ, ಗಿಳಿಹಸಿರು. ಈ ಗಿಳಿಹಸಿರು ನೀರನ್ನು ಕಂಡು 'ಪಾಚಿ ಕಟ್ಟಿದೆ, ಮೀನಿಗೆ ಒಳ್ಳೆಯ ಮೇವು' ಎಂದು ಸಂತೋಷಪಡುವ ರೈತರಿದ್ದಾರೆ. 'ಮೈಲುತುತ್ತ ಎರಚಿದರೆ ಒಂದೇ ದಿನಕ್ಕೆ ಹೋಗುತ್ತದೆ' ಎಂದು ಹೇಳಿಕೊಡುವವರೂ ಇದ್ದಾರೆ. ಎರಡು ಮಾತೂ ಅಪಾಯಕರ. ಮೊದಲನೆಯದರಿಂದ ದನಕರುಗಳಿಗೆ ಕೇಡಾಗಬಹುದು, ಎರಡನೆಯದರಿಂದ ಒಂದು ವರ್ಷದ ಮೀನಿನ ಫಸಲು ಒಂದೇ ರಾತ್ರಿಯಲ್ಲಿ ಹೋಗಬಹುದು.

ಪಾಚಿಯಲ್ಲ, ಬ್ಯಾಕ್ಟೀರಿಯಾ

ರೂಢಿಯಲ್ಲಿ ಇದನ್ನು ನೀಲಿ-ಹಸಿರು ಪಾಚಿ ಎಂದು ಕರೆದರೂ ಇದು ನಿಜವಾದ ಪಾಚಿಯಲ್ಲ. ಬಿಸಿಲನ್ನು ಹಿಡಿದು ಆಹಾರ ತಯಾರಿಸಬಲ್ಲ ಒಂದು ಬಗೆಯ ಬ್ಯಾಕ್ಟೀರಿಯಾ. ಹಸಿರು ಪಾಚಿಯ ಜೀವಕೋಶದಲ್ಲಿರುವಂಥ ಕೋಶಕೇಂದ್ರ ಇದರಲ್ಲಿ ಇಲ್ಲ. ಭೂಮಿಯ ಗಾಳಿಗೆ ಆಮ್ಲಜನಕವನ್ನು ಮೊಟ್ಟಮೊದಲು ತುಂಬಿದ್ದು ಇದೇ ಕುಲ. ಚಾಮುಂಡಿ ಬೆಟ್ಟದ ಬಂಡೆಗಿಂತಲೂ ಇದರ ವಂಶ ಹಳೆಯದು. ಅಷ್ಟು ಕಾಲದಿಂದ ಬದುಕಿ ಬಂದಿರುವ ಜೀವಿಯನ್ನು ಒಂದು ಚೀಲ ಔಷಧಿಯಿಂದ ನಿರ್ಮೂಲ ಮಾಡುತ್ತೇವೆಂಬ ಆಸೆಯನ್ನು ಮೊದಲಿಗೇ ಬಿಡುವುದು ಒಳ್ಳೆಯದು.

ಹಿರಿಯ ರೈತರಿಗೆ ಇಲ್ಲಿ ಒಂದು ಸಂದೇಹ ಬರುವುದು ಸಹಜ. ಭತ್ತದ ಗದ್ದೆಗೆ ನೀಲಿ-ಹಸಿರು ಪಾಚಿ ಹಾಕಿ ಎಂದು ಹಳ್ಳಿ ಹಳ್ಳಿಗೆ ಬಂದು ಹೇಳಿದವರು ಕೃಷಿ ವಿಜ್ಞಾನಿಗಳೇ ಅಲ್ಲವೆ? ಹೌದು. ಗದ್ದೆಯ ನೀರಿನಲ್ಲಿ ಇದು ಗಾಳಿಯ ಸಾರಜನಕವನ್ನು ಹಿಡಿದು ಪೈರಿಗೆ ಒದಗಿಸುತ್ತದೆಂಬುದನ್ನು ಪಿ. ಕೆ. ಡೇ ಎಂಬ ಭಾರತೀಯ ವಿಜ್ಞಾನಿ 1939ರಲ್ಲೇ ತೋರಿಸಿಕೊಟ್ಟರು. ನಾಟಿ ಮಾಡಿದ ಸುಮಾರು ಒಂದು ವಾರಕ್ಕೆ ಹೆಕ್ಟೇರಿಗೆ 10 ಕಿ.ಗ್ರಾಂ. ಒಣ ಪಾಚಿಯನ್ನು ಎರಚುವ ಶಿಫಾರಸು ಇಂದಿಗೂ ಸರಿಯೆ. ಆದರೆ ಈ ಕುಲದಲ್ಲಿ ಬಗೆಗಳು ಅನೇಕ. ಗದ್ದೆಗೆ ಹಾಕುವ ನಾಸ್ಟಾಕ್, ಅನಬೀನದಂಥವು ಸಾರಜನಕ ಹಿಡಿಯುತ್ತವೆ. ಕೆರೆಯ ಮೇಲೆ ಬಣ್ಣದಂತೆ ಹರಡುವ ಮೈಕ್ರೋಸಿಸ್ಟಿಸ್‌ಗೆ ಆ ಶಕ್ತಿಯಿಲ್ಲ. ಅದು ನಾವು ಕೊಟ್ಟ ಗೊಬ್ಬರವನ್ನೇ ತಿಂದು ಬೆಳೆಯುತ್ತದೆ, ಜೊತೆಗೆ ವಿಷವನ್ನೂ ತಯಾರಿಸಬಲ್ಲದು. ಆದ್ದರಿಂದ ಕೆರೆಯ ಕೆನೆಯನ್ನು ಬಾಚಿ ತಂದು ಗದ್ದೆಗೆ 'ಜೈವಿಕ ಗೊಬ್ಬರ' ಎಂದು ಹಾಕುವುದು ತಪ್ಪು.

ಈ ಜೀವಿಯ ಸ್ವಭಾವವನ್ನು ಚೆನ್ನಾಗಿ ಬಲ್ಲವರು ಇನ್ನೊಂದು ವರ್ಗದವರು. ಸಮುದ್ರದ ನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು, ಹವಳದ ಜೀವಿಗಳನ್ನು ಸಾಕುವ ಹವ್ಯಾಸಿಗಳು. ಅವರ ತೊಟ್ಟಿಗಳಲ್ಲಿ ಇದೇ ಕುಲದ ಜೀವಿಗಳು ಮರಳಿನ ಮೇಲೆ ಕೆಂಪು ಲೋಳೆಯ ಹೊದಿಕೆಯಾಗಿ ಬೆಳೆದು, ಹವಳವನ್ನು ಮುಚ್ಚಿ ಉಸಿರು ಕಟ್ಟಿಸುತ್ತವೆ. ಇವು ಬ್ಯಾಕ್ಟೀರಿಯಾ ಆದ್ದರಿಂದ ಎರಿತ್ರೊಮೈಸಿನ್ ಎಂಬ ಜೀವನಿರೋಧಕ ಔಷಧಿಗೆ ಸಾಯುತ್ತವೆ. ಹಸಿರು ಪಾಚಿ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಆದರೆ ಔಷಧಿ ಹಾಕಿದ ತೊಟ್ಟಿಯಲ್ಲಿ ಮೀನಿನ ಹೊಲಸನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳುತ್ತದೆ, ಮೇವು ಕಡಿಮೆ ಮಾಡದಿದ್ದರೆ ಕೆಲವೇ ವಾರಗಳಲ್ಲಿ ಲೋಳೆ ಮರಳಿ ಬರುತ್ತದೆ. ಅನುಭವಸ್ಥ ಹವ್ಯಾಸಿಗಳು ಔಷಧಿಗೆ ಕೈ ಹಾಕುವ ಮೊದಲು ಲೋಳೆಯನ್ನು ಕೊಳವೆಯಿಂದ ಹೀರಿ ತೆಗೆಯುತ್ತಾರೆ, ಮೇವನ್ನು ಇಳಿಸುತ್ತಾರೆ, ನೀರಿನ ಹರಿವನ್ನು ಹೆಚ್ಚಿಸುತ್ತಾರೆ. ನಮ್ಮ ಹೊಂಡಕ್ಕೂ ಇದೇ ಕ್ರಮ. ಅಂಗಡಿಯಲ್ಲಿ ಸಿಗುವ ಜೀವನಿರೋಧಕಗಳನ್ನು ಮಾತ್ರ ತಿನ್ನುವ ಮೀನಿನ ಹೊಂಡಕ್ಕೆ ಯಾವ ಕಾರಣಕ್ಕೂ ಹಾಕಕೂಡದು.

ಗುರುತಿಸುವ ಬಗೆ

ನೀರು ಹಸಿರಾದ ಮಾತ್ರಕ್ಕೆ ಹೆದರಬೇಕಿಲ್ಲ. ಮೀನಿನ ಹೊಂಡದ ನೀರು ತಿಳಿಹಸಿರು ಇರಲೇಬೇಕು. ಹೊಂಡದಲ್ಲಿರುವುದು ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ಇದಕ್ಕೆ ದುಬಾರಿ ಉಪಕರಣ ಬೇಡ. ಒಂದು ಕಡ್ಡಿ, ಒಂದು ಗಾಜಿನ ಸೀಸೆ ಸಾಕು. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಬೇಕು, ಏಕೆಂದರೆ ಈ ಕೆನೆ ಕೆಲವರಿಗೆ ಚರ್ಮದ ಮೇಲೆ ತುರಿಕೆ, ಗಂಧೆ ಎಬ್ಬಿಸುತ್ತದೆ.

ಒರಟು ಕಡ್ಡಿಯೊಂದನ್ನು ಕೆನೆಯಲ್ಲಿ ಅದ್ದಿ ನಿಧಾನವಾಗಿ ಮೇಲಕ್ಕೆತ್ತಿ. ಕೂದಲಿನಂಥ ಎಳೆಗಳು ಕಡ್ಡಿಗೆ ಜೋತು ಬಿದ್ದರೆ ಅದು ಹಸಿರು ನಾರುಪಾಚಿ. ಬಲೆಗೆ ತೊಡಕಾದೀತೇ ಹೊರತು ವಿಷವಲ್ಲ. ಸಣ್ಣ ಸಣ್ಣ ಎಲೆ, ಕೆಳಗೆ ಬೇರು ಕಂಡರೆ ಅದು ಅಜೋಲ್ಲ ಅಥವಾ ಬಾತುಕಳೆ. ಕಡ್ಡಿಗೆ ಬಣ್ಣ ಬಳಿದಂತೆ ಅಂಟಿಕೊಂಡು ಎಳೆಯೇ ಕಾಣದಿದ್ದರೆ ನೀಲಿ-ಹಸಿರು ಪಾಚಿಯೆಂದು ಸಂಶಯಪಡಬೇಕು.

ಎರಡನೆಯದು ಸೀಸೆಯ ಪರೀಕ್ಷೆ. ಉಪ್ಪಿನಕಾಯಿ ಸೀಸೆಯಂಥ ಅಗಲ ಬಾಯಿಯ ಗಾಜಿನ ಸೀಸೆಯಲ್ಲಿ ಮುಕ್ಕಾಲು ಭಾಗ ನೀರು ಹಿಡಿಯಿರಿ. ಮೇಲಿನ ಕೆನೆಯನ್ನೇ ತುಂಬಿಕೊಳ್ಳದೆ, ಒಂದು ಗೇಣು ಕೆಳಗಿನ ನೀರನ್ನು ಹಿಡಿಯಬೇಕು. ಮುಚ್ಚಳ ಹಾಕಿ ನೆರಳಿನಲ್ಲಿ ರಾತ್ರಿಯೆಲ್ಲ ಅಲುಗಿಸದೆ ಇಡಿ. ಬೆಳಿಗ್ಗೆ ಹಸಿರು ತಳಕ್ಕೆ ಇಳಿದಿದ್ದರೆ ಅದು ಸಾಮಾನ್ಯ ಹಸಿರು ಪಾಚಿ. ಮೇಲೆ ತೇಲಿ ಗಾಜಿನ ಸುತ್ತ ಹಸಿರು ಬಳೆಯಂತೆ ನಿಂತಿದ್ದರೆ ನೀಲಿ-ಹಸಿರು ಪಾಚಿ. ಮೈಕ್ರೋಸಿಸ್ಟಿಸ್ ಮುಂತಾದವುಗಳ ಕೋಶದೊಳಗೆ ಗಾಳಿಯ ಸಣ್ಣ ಗುಳ್ಳೆಗಳಿರುತ್ತವೆ; ಅದರಿಂದಲೇ ಅವು ಬೆಂಡಿನಂತೆ ಮೇಲೇಳುತ್ತವೆ. ಇದೇ ಕಾರಣದಿಂದ ಮುಂಜಾನೆ ಕೆನೆ ದಟ್ಟವಾಗಿ ಕಂಡು, ಮಧ್ಯಾಹ್ನ ಗಾಳಿ ಬೀಸಿದ ಮೇಲೆ ಮಾಯವಾದಂತೆ ತೋರುತ್ತದೆ. ಹೋಯಿತೆಂದು ತಿಳಿಯಬಾರದು.

ಬಣ್ಣವೂ ಸುಳಿವು ಕೊಡುತ್ತದೆ. ದಡದಲ್ಲಿ ಒಣಗಿದ ಕೆನೆಯ ಅಂಚಿನಲ್ಲಿ ಬಟ್ಟೆಗೆ ಹಾಕುವ ನೀಲಿಯಂಥ ಬಣ್ಣ ಕಂಡರೆ ಸಂಶಯ ಬಹುಮಟ್ಟಿಗೆ ಖಚಿತವಾಯಿತೆಂದೇ ಲೆಕ್ಕ. ಸತ್ತ ಕೋಶಗಳಿಂದ ಹೊರಬಿದ್ದ ನೀಲಿ ಬಣ್ಣ ಅದು. ಇನ್ನೊಂದು ಬಗೆಯ ಪಾಚಿ, ಆಸಿಲಟೋರಿಯ, ತಳದ ಕೆಸರಿನ ಮೇಲೆ ಕಪ್ಪುಹಸಿರು ಚಾಪೆಯಂತೆ ಬೆಳೆದು, ಬಿಸಿಲೇರಿದಾಗ ಗುಳ್ಳೆಗಳ ಸಮೇತ ಹಾಳೆ ಹಾಳೆಯಾಗಿ ಮೇಲೇಳುತ್ತದೆ. ಇದಕ್ಕೆ ಸೀಸೆಯ ಪರೀಕ್ಷೆ ಒಗ್ಗುವುದಿಲ್ಲ. ಹಾಳೆಯ ಆಕಾರ ಮತ್ತು ಮಣ್ಣಿನ ಮುಗ್ಗು ವಾಸನೆಯಿಂದ ತಿಳಿಯಬೇಕು. ಸಗಣಿ ಹೆಚ್ಚಾದ ಹೊಂಡಗಳಲ್ಲಿ ಹಗಲು ಇಟ್ಟಿಗೆಯಂತೆ ಕೆಂಪಗಾಗಿ ಸಂಜೆಗೆ ಹಸಿರಾಗುವ ಪೊರೆಯೊಂದು ಬರುವುದುಂಟು. ಅದು ಯೂಗ್ಲಿನ ಎಂಬ ಬೇರೆಯೇ ಜೀವಿ. ಗೊಬ್ಬರ ಮಿತಿಮೀರಿದೆ ಎಂಬುದಕ್ಕೆ ಮಾತ್ರ ಅದೂ ಸಾಕ್ಷಿ.

ದನಕರುಗಳಿಗೆ ಅಪಾಯ

ಈ ಕೆನೆ ತೇಲುವ ನೀರು ಕುಡಿದು ಜಾನುವಾರುಗಳು ಸತ್ತ ಸಂಗತಿಯನ್ನು ಮೊದಲು ವಿಜ್ಞಾನದ ಗಮನಕ್ಕೆ ತಂದದ್ದು 1878ರಲ್ಲಿ, ಆಸ್ಟ್ರೇಲಿಯದ ಅಲೆಕ್ಸಾಂಡ್ರಿನ ಸರೋವರದ ದಡದಿಂದ. 2020ರಲ್ಲಿ ಆಫ್ರಿಕದ ಬೋಟ್ಸ್ವಾನದಲ್ಲಿ 300ಕ್ಕೂ ಹೆಚ್ಚು ಆನೆಗಳು ಸತ್ತಾಗ, ನೀರುಗುಂಡಿಗಳಲ್ಲಿದ್ದ ಇದೇ ಜೀವಿಯ ವಿಷವೇ ಕಾರಣವೆಂದು ಅಲ್ಲಿನ ಸರ್ಕಾರ ಹೇಳಿತು. ಎಲ್ಲ ಕೆನೆಯೂ ವಿಷವಲ್ಲ. ಆದರೆ ಯಾವುದರಲ್ಲಿ ವಿಷವಿದೆ, ಯಾವುದರಲ್ಲಿ ಇಲ್ಲ ಎಂಬುದು ಕಣ್ಣಿಗಾಗಲಿ ಸೂಕ್ಷ್ಮದರ್ಶಕಕ್ಕಾಗಲಿ ತಿಳಿಯದು. ಆದುದರಿಂದ ಎಲ್ಲವನ್ನೂ ವಿಷವೆಂದೇ ಎಣಿಸಿ ನಡೆದುಕೊಳ್ಳಬೇಕು. ಮೈಕ್ರೋಸಿಸ್ಟಿನ್ ಎಂಬ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ, ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಭಾಗ, ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹಾಕಿದೆ. ನೀರನ್ನು ಕುದಿಸಿದರೆ ಈ ವಿಷ ನಾಶವಾಗುವುದಿಲ್ಲ ಎಂಬುದನ್ನು ಮನೆಯ ಹೆಂಗಸರಿಗೂ ತಿಳಿಸಬೇಕು.

ನಮ್ಮ ಕಡೆ ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುವುದರಿಂದ ಕೆನೆ ಸಾಮಾನ್ಯವಾಗಿ ಮೂಡಲ ದಡಕ್ಕೆ ಹೋಗಿ ಗಟ್ಟಿಯಾಗುತ್ತದೆ. ದನ ನೀರಿಗಿಳಿಯುವ ಜಾಗ ಆ ದಡದಲ್ಲಿದ್ದರೆ ಅದನ್ನು ಮುಳ್ಳು ಹಾಕಿ ಮುಚ್ಚಿ, ತೊಟ್ಟಿಯಲ್ಲಿ ಕೊಳವೆಬಾವಿಯ ನೀರು ಕುಡಿಸಬೇಕು. ನೀರು ಕುಡಿದ ಪಶು ತತ್ತರಿಸಿದರೆ, ಉಸಿರಿಗೆ ಒದ್ದಾಡಿದರೆ, ಮೇವು ಬಿಟ್ಟು ಭೇದಿಯಾದರೆ ಕೂಡಲೆ ಪಶುವೈದ್ಯರನ್ನು ಕರೆಸಿ, ಕೆರೆಯ ಕೆನೆಯ ವಿಷಯವನ್ನು ಅವರಿಗೆ ತಪ್ಪದೆ ಹೇಳಬೇಕು. ಇದಕ್ಕೆಂದೇ ಬೇರೆ ಮದ್ದಿಲ್ಲ. ಬೇಗ ಆರೈಕೆ ದೊರೆತಷ್ಟೂ ಒಳ್ಳೆಯದು.

ಎಲ್ಲಿಂದ ಬರುತ್ತದೆ ಇದಕ್ಕೆ ಆಹಾರ?

ಪಾಚಿಯ ಬೀಜ ಎಲ್ಲ ನೀರಿನಲ್ಲೂ ಇದೆ. ಅದು ಹಾವಳಿಯಾಗುವುದು ರಂಜಕ ಹೆಚ್ಚಾದಾಗ. ಒಂದು ಕಿ.ಗ್ರಾಂ. ರಂಜಕದಿಂದ ಸುಮಾರು 500 ಕಿ.ಗ್ರಾಂ. ಹಸಿ ಪಾಚಿ ಬೆಳೆಯಬಲ್ಲದೆಂದು ಅಂದಾಜು. ಡಿ.ಎ.ಪಿ. ಗೊಬ್ಬರದ ಲೆಕ್ಕ ಹಾಕಿ ನೋಡೋಣ. 50 ಕಿ.ಗ್ರಾಂ. ಚೀಲವೊಂದರಲ್ಲಿ ಇರುವ ರಂಜಕ ಸುಮಾರು 10 ಕಿ.ಗ್ರಾಂ. ಎಂದರೆ, ಇಳಿಜಾರು ಹೊಲದಲ್ಲಿ ಮೇಲೆಯೇ ಎರಚಿದ ಗೊಬ್ಬರದಲ್ಲಿ 5 ಕಿ.ಗ್ರಾಂ.ನಷ್ಟು ಮಾತ್ರ ಒಂದು ಜೋರು ಮಳೆಗೆ ಕೊಚ್ಚಿ ಹೊಂಡ ಸೇರಿದರೂ ಅರ್ಧ ಟನ್ ಪಾಚಿಗೆ ಬೇಕಾದ ಆಹಾರ ಸಿಕ್ಕಿತು. ರೈತ ದುಡ್ಡು ಕೊಟ್ಟು ತಂದದ್ದು ಅದೇ ಗೊಬ್ಬರ! ಇದರ ಮೇಲೆ ಕೊಟ್ಟಿಗೆಯ ಗಂಜಲ, ದನ ತೊಳೆಯುವ ನೀರು, ಮೀನಿಗೆಂದು ಸುರಿದ ಸಗಣಿ, ಮೀನು ತಿನ್ನದೆ ಬಿಟ್ಟ ತೌಡು–ಹಿಂಡಿ. ನಗರದ ಅಂಚಿನ ಕೆರೆಗಳಲ್ಲಾದರೆ ಮನೆಗಳ ಕೊಳಚೆಯೇ ದೊಡ್ಡ ಮೂಲ. ದಳವಾಯಿ ಕೆರೆಯ ದುಃಸ್ಥಿತಿ ಮೈಸೂರಿನವರಿಗೆಲ್ಲ ತಿಳಿದದ್ದೇ.

ಬೆಟ್ಟದ ಇಳಿಜಾರಿನ ಹೊಂಡಗಳಿಗೆ ಇನ್ನೊಂದು ತೊಂದರೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ರಂಜಕವನ್ನು ಹೀರಿ ಹಿಡಿದುಕೊಳ್ಳುವ ಮಣ್ಣೇ ಇಲ್ಲ. ನೀರು ಹರಿಯುವುದೂ ಇಲ್ಲ. ಬಿಸಿಲಿಗೆ ಬೆಚ್ಚಗಾದ, ನಿಂತ, ಗೊಬ್ಬರ ತುಂಬಿದ ನೀರು ಈ ಜೀವಿಗೆ ಹೇಳಿ ಮಾಡಿಸಿದ ಜಾಗ.

ಮೈಲುತುತ್ತ ಏಕೆ ಬೇಡ?

ವೀಳ್ಯದೆಲೆ ತೋಟಕ್ಕೆ, ಬೋರ್ಡೋ ದ್ರಾವಣಕ್ಕೆ ಎಂದು ತಂದ ಮೈಲುತುತ್ತ ಅನೇಕರ ಮನೆಯಲ್ಲಿ ಇದ್ದೇ ಇರುತ್ತದೆ. ಅದು ಪಾಚಿಯನ್ನು ಕೊಲ್ಲುತ್ತದೆ, ನಿಜ. ಆಮೇಲೆ ಏನಾಗುತ್ತದೆ? ಸತ್ತ ಪಾಚಿ ರಾಶಿಯಾಗಿ ಕೊಳೆಯುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಕೊಳ್ಳುತ್ತವೆ. ಹಗಲು ಆಮ್ಲಜನಕ ಕೊಡುತ್ತಿದ್ದ ಪಾಚಿಯೂ ಈಗ ಇಲ್ಲ. ಮೀನಿಗೆ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಕ್ಷೇಮ, 3ಕ್ಕಿಂತ ಇಳಿದರೆ ಸಂಕಟ. ಬೆಳಗಿನ ಜಾವಕ್ಕೆ ಅದು ಇನ್ನೂ ಕೆಳಗಿಳಿದು, ಹೊತ್ತು ಹುಟ್ಟುವಷ್ಟರಲ್ಲಿ ಕಾಟ್ಲಾ, ರೋಹುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಕೋಶದೊಳಗಿದ್ದ ವಿಷವೂ ಒಮ್ಮೆಗೇ ನೀರಿಗೆ ಬಿಡುಗಡೆಯಾಗುತ್ತದೆ. ಮೇಲೆ ತೇಲುವ ಕೆನೆಯನ್ನಾದರೆ ದನ ಬಿಟ್ಟೀತು. ತಿಳಿಯಾಗಿ ಕಾಣುವ ವಿಷದ ನೀರನ್ನು ಬಿಡುವುದಿಲ್ಲ.

ಪ್ರಮಾಣದ ಕಷ್ಟ ಬೇರೆ. ಮೈಲುತುತ್ತ ಮೀನಿಗೆ ಎಷ್ಟು ವಿಷ ಎಂಬುದು ನೀರಿನ ಕ್ಷಾರೀಯತೆಯನ್ನು ಅವಲಂಬಿಸಿದೆ. ಲೀಟರಿಗೆ 100 ಮಿಲಿಗ್ರಾಂ ಕ್ಷಾರೀಯತೆಯ ನೀರಿಗೆ 1 ಮಿಲಿಗ್ರಾಂ ಮೈಲುತುತ್ತ ಎಂಬುದು ರೂಢಿಯ ಲೆಕ್ಕ. ಕ್ಷಾರೀಯತೆ 50ಕ್ಕಿಂತ ಕಡಿಮೆಯಿದ್ದರೆ ಹಾಕಲೇಬಾರದು. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಷಾರೀಯತೆ ಹೆಚ್ಚಿರಬಹುದು. ಬೆಟ್ಟದ ಬಂಡೆಯ ಮೇಲಿಂದ ಹರಿದು ಬಂದ ಮಳೆನೀರು ಮಾತ್ರ ತುಂಬಿದ ಹೊಂಡದಲ್ಲಿ ಅದು ತೀರ ಕಡಿಮೆ ಇರುವ ಸಂಭವವೇ ಹೆಚ್ಚು. ಪಕ್ಕದ ಹಳ್ಳಿಯವರು ಹಾಕಿ ಬಚಾವಾದ ಪ್ರಮಾಣವೇ ನಿಮ್ಮ ಮೀನನ್ನು ಕೊಲ್ಲಬಹುದು. ಕುರಿಗಳಂತೂ ತಾಮ್ರಕ್ಕೆ ಬಹಳ ಸೂಕ್ಷ್ಮ. ಮೀನು ಸಾಕುವ ಅಥವಾ ಕುರಿ–ದನ ನೀರು ಕುಡಿಯುವ ಹೊಂಡಕ್ಕೆ ಮೈಲುತುತ್ತ ಬೇಡವೆಂಬುದೇ ನನ್ನ ಖಚಿತ ಅಭಿಪ್ರಾಯ.

ಹತೋಟಿ ಕ್ರಮ

ಕೆನೆ ಕಂಡ ದಿನವೇ ಸಗಣಿ, ರಾಸಾಯನಿಕ ಗೊಬ್ಬರ ನಿಲ್ಲಿಸಿ. ಮೀನಿನ ಮೇವನ್ನು ಅರ್ಧಕ್ಕಿಳಿಸಿ, ಮೀನು ಬೆಳಿಗ್ಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಪೂರ್ತಿ ನಿಲ್ಲಿಸಿ. ಕೆನೆಯನ್ನು ತೆಗೆಯಲು ಮುಂಜಾನೆ ಗಾಳಿ ಏಳುವ ಮೊದಲಿನ ಹೊತ್ತು ಅತ್ಯುತ್ತಮ. ಇಬ್ಬರು ಹಳೆಯ ಸೀರೆಯನ್ನು ಎರಡು ಬದಿ ಹಿಡಿದು ನೀರಿನ ಮೇಲ್ಪದರದಲ್ಲಿ ಮೆಲ್ಲಗೆ ಎಳೆದು ತಂದರೆ ಹೆಚ್ಚು ಭಾಗ ಬರುತ್ತದೆ. ತೆಗೆದ ಕೆನೆಯನ್ನು ಏರಿಯ ಮೇಲೆ ಸುರಿದರೆ ಮುಂದಿನ ಮಳೆಗೆ ಮತ್ತೆ ಹೊಂಡಕ್ಕೇ ಇಳಿಯುತ್ತದೆ. ದೂರದ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಒಣಗಿದ ಕೆನೆಯಲ್ಲೂ ವಿಷ ತಿಂಗಳುಗಟ್ಟಲೆ ಉಳಿಯುತ್ತದಾದ್ದರಿಂದ ಅದನ್ನು ಕೋಳಿಗಾಗಲಿ ದನಕ್ಕಾಗಲಿ ತಿನ್ನಿಸಬಾರದು.

ಮುಂದಿನ ಕೆಲಸ ಗಾಳಿ ಮತ್ತು ನೀರಿನ ಚಲನೆ. ಹೊಂಡದ ನೀರನ್ನೇ ಪಂಪಿನಿಂದ ಎತ್ತಿ, ಹಲಗೆ ಅಥವಾ ಕಲ್ಲಿನ ಮೇಲೆ ಚದುರಿ ಬೀಳುವಂತೆ ಹೊಂಡಕ್ಕೇ ಬಿಡಿ. ರಾತ್ರಿ ಹನ್ನೆರಡರಿಂದ ಬೆಳಗಿನವರೆಗೆ ನಡೆಸಿದರೆ ಫಲ ಹೆಚ್ಚು, ಆಮ್ಲಜನಕ ಅತಿ ಕಡಿಮೆಯಾಗುವುದು ಆಗಲೇ. ಹಗಲು ವಿದ್ಯುತ್ ಇದ್ದಾಗ ಮಾತ್ರ ಪಂಪು ಓಡಿಸಿ 'ಗಾಳಿ ಕೊಟ್ಟಿದ್ದೇವೆ' ಎಂದರೆ ಮೀನು ಉಳಿಯುವುದಿಲ್ಲ. ಬೇರೆ ಒಳ್ಳೆಯ ನೀರು ಲಭ್ಯವಿದ್ದರೆ ತಳದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹೊರಹಾಕಿ ಹೊಸ ನೀರು ಕೂಡಿಸಬಹುದು. ಹೊರಹಾಕಿದ ನೀರು ತೆಂಗು, ಮಾವಿನ ಮರಗಳ ಬುಡಕ್ಕೆ ಹೋಗಲಿ. ಸೊಪ್ಪು ತರಕಾರಿಯ ಎಲೆಯ ಮೇಲೆ ಬೀಳಬಾರದು. ಹನಿ ನೀರಾವರಿಗೆ ಇದನ್ನು ಬಿಟ್ಟರೆ ಕೊಳವೆಯ ಬಾಯಿಗಳೆಲ್ಲ ಲೋಳೆಯಿಂದ ಕಟ್ಟಿಕೊಳ್ಳುತ್ತವೆ.

ಇಷ್ಟಕ್ಕೂ ಬಗ್ಗದಿದ್ದರೆ ಪಟಿಕ ಬಳಸಬಹುದು. ಇದು ಪಾಚಿಯನ್ನು ಕೊಲ್ಲುವ ಬದಲು ರಂಜಕವನ್ನು ಹಿಡಿದು ತಳಕ್ಕಿಳಿಸುತ್ತದೆ. ಮೊದಲು ಹೊಂಡದ ನೀರಿನ ಅಳತೆ ತಿಳಿಯಬೇಕು. ನೀರಿನ ಸರಾಸರಿ ಉದ್ದ 20 ಮೀಟರ್, ಅಗಲ 20 ಮೀಟರ್, ಆಳ ಒಂದೂವರೆ ಮೀಟರ್ ಆದರೆ 600 ಘನ ಮೀಟರ್, ಅಂದರೆ 6 ಲಕ್ಷ ಲೀಟರ್. ಸಾವಿರ ಲೀಟರಿಗೆ 10 ಗ್ರಾಂ ಪ್ರಕಾರ 6 ಕಿ.ಗ್ರಾಂ. ಪಟಿಕ ಬೇಕು. ಹೊಂಡದ ಇಳಿಜಾರು ದಂಡೆಯನ್ನು ಮರೆತು ಮೇಲ್ಬಾಯಿಯ ಅಳತೆಯಿಂದಲೇ ಲೆಕ್ಕ ಹಾಕಿದರೆ ಪ್ರಮಾಣ ಹೆಚ್ಚಾಗುತ್ತದೆ. ಅರ್ಧ ಆಳದಲ್ಲಿನ ಉದ್ದ–ಅಗಲ ಹಿಡಿಯುವುದು ಸರಿ. ಪಟಿಕವೂ ಕ್ಷಾರೀಯತೆಯನ್ನು ಕಡಿಮೆ ಮಾಡಿ ನೀರನ್ನು ಹುಳಿಯಾಗಿಸುತ್ತದೆ. ಆದ್ದರಿಂದ ಮೊದಲು ನೀರಿನ ರಸಸಾರ, ಕ್ಷಾರೀಯತೆ ಪರೀಕ್ಷೆ ಮಾಡಿಸಿ, ನಾಲ್ಕಾರು ಮೀನುಮರಿ ಬಿಟ್ಟ ಒಂದು ತೊಟ್ಟಿ ಹೊಂಡದ ನೀರಿಗೆ ಇದೇ ಪ್ರಮಾಣದಲ್ಲಿ ಹಾಕಿ ಒಂದು ದಿನ ನೋಡಿ, ಅನಂತರ ಹೊಂಡಕ್ಕೆ ಕರಗಿಸಿ ಎರಚಬೇಕು. ಬಾರ್ಲಿ ಹುಲ್ಲಿನ ಕಟ್ಟುಗಳನ್ನು ನೀರಿನಲ್ಲಿ ಬಿಡುವ ಪದ್ಧತಿ ಇಂಗ್ಲೆಂಡಿನಲ್ಲಿದೆ. ಅದರ ಫಲಿತಾಂಶ ಅಲ್ಲೇ ಒಂದೇ ಸಮನಾಗಿಲ್ಲ. ಅದನ್ನು ಕೇಳಿ ನಮ್ಮ ಬೆಚ್ಚಗಿನ ನೀರಿಗೆ ಭತ್ತದ ಹುಲ್ಲು ತುಂಬಿದರೆ ಅದು ಕೊಳೆತು ಇರುವ ಆಮ್ಲಜನಕವನ್ನೂ ಕಳೆಯುತ್ತದೆ.

ಮತ್ತೆ ಬಾರದಿರಲು

ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದ ನಮ್ಮ ಹಿರಿಯರ ಪದ್ಧತಿಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ವರ್ಷವಿಡೀ ಹೊಲದಿಂದ ಕೆರೆಗೆ ಇಳಿದ ರಂಜಕ ಗೋಡಿನ ಜೊತೆಗೆ ಮತ್ತೆ ಹೊಲಕ್ಕೇ ಬರುತ್ತಿತ್ತು. ಹೊಲದ ಬೆಳೆಗೆ ಗೊಬ್ಬರ, ಕೆರೆಗೆ ಶುದ್ಧಿ. ಮಣ್ಣಿನ ತಳದ ಹೊಂಡಗಳನ್ನೂ ವರ್ಷಕ್ಕೊಮ್ಮೆ ಬರಿದು ಮಾಡಿ, ತಳ ಬಿರಿಯುವ ತನಕ ಒಣಗಿಸಿ, ಹೂಳು ತೆಗೆದು ಹೊಲಕ್ಕೆ ಹಾಕಬೇಕು. ಹಾಳೆ ಹಾಸಿದ ಹೊಂಡದಲ್ಲಿ ಹಾರೆ–ಗುದ್ದಲಿ ಆಡಿಸುವಂತಿಲ್ಲ. ಮರದ ಹಲಗೆಯಿಂದ ಕೆಸರನ್ನು ಒತ್ತಿ ಬಾಚಬೇಕು.

ಹೊಂಡಕ್ಕೆ ನೀರು ಬರುವ ಕಾಲುವೆಯ ಬಾಯಲ್ಲಿ ಒಂದು ಸಣ್ಣ ಹೂಳುಗುಂಡಿ, ಅದರ ಮೇಲೆ ನಾಲ್ಕಾರು ಸಾಲು ನೇಪಿಯರ್ ಹುಲ್ಲು ಇದ್ದರೆ ಮಣ್ಣಿಗೆ ಅಂಟಿ ಬರುವ ರಂಜಕ ಬಹಳ ಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಹುಲ್ಲು ದನಕ್ಕೂ ಆಯಿತು. ಡಿ.ಎ.ಪಿ.ಯನ್ನು ಎರಚದೆ ಬಿತ್ತನೆ ಸಾಲಿನಲ್ಲಿ ಮಣ್ಣಿನೊಳಗೆ ಬೀಳುವಂತೆ ಹಾಕಿ, ಮಣ್ಣು ಪರೀಕ್ಷೆಯಲ್ಲಿ ರಂಜಕ ಸಾಕಷ್ಟಿದೆ ಎಂದು ಬಂದರೆ ಕಡಿಮೆ ಮಾಡಿ. ಬೆಳ್ಳಿ ಗೆಂಡೆ ಮೀನು ಪಾಚಿ ತಿನ್ನುತ್ತದೆಂದು ಅದನ್ನೇ ಹೆಚ್ಚಾಗಿ ಬಿಡುವವರಿದ್ದಾರೆ. ಮಿಶ್ರ ಸಾಕಣೆಯಲ್ಲಿ ಅದು ಇರಲಿ. ಆದರೆ ಗೊಬ್ಬರ ತುಂಬಿದ ಹೊಂಡವನ್ನು ಮೀನೊಂದೇ ತಿಳಿ ಮಾಡಲಾರದು.

ಸಗಣಿ ಹಾಕಬೇಕೇ ಬೇಡವೇ ಎಂಬುದನ್ನು ಕೈಯೇ ಹೇಳುತ್ತದೆ. ಕೆನೆಯಿಲ್ಲದ ದಿನ, ಬಿಸಿಲೇರಿದ ಮೇಲೆ, ಅಂಗೈ ಅಗಲಿಸಿ ತೋಳನ್ನು ನೀರಿಗಿಳಿಸಿ. ಮೊಳಕೈವರೆಗೆ ಮುಳುಗುವ ಹೊತ್ತಿಗೆ ಅಂಗೈ ಮರೆಯಾದರೆ ನೀರು ಹದವಾಗಿದೆ. ಮಣಿಕಟ್ಟು ದಾಟಿ ಸ್ವಲ್ಪದರಲ್ಲೇ, ಎಂದರೆ ಒಂದು ಗೇಣಿನೊಳಗೆ, ಮರೆಯಾದರೆ ಗೊಬ್ಬರ ನಿಲ್ಲಿಸಬೇಕು. ಮೊಳಕೈ ಮುಳುಗಿದ ಮೇಲೂ ಬೆರಳು ಸ್ಪಷ್ಟವಾಗಿ ಕಾಣುತ್ತಿದ್ದರೆ ಮಾತ್ರ ಸ್ವಲ್ಪ ಸಗಣಿ ಕೊಡಬಹುದು. ವಾರಕ್ಕೊಮ್ಮೆ ಇದನ್ನು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಹಾವಳಿ ಬರುವ ಮೊದಲೇ ತಿಳಿಯುತ್ತದೆ.

ಮೀನು ಹಿಡಿಯುವ ಕಾಲಕ್ಕೆ ಕೆನೆ ಇದ್ದರೆ ಆ ಮೀನಿಗೆ ಮಣ್ಣಿನ ವಾಸನೆ ಹಿಡಿದು ಗಿರಾಕಿ ಹಿಂದೆ ಸರಿಯುತ್ತಾನೆ. ಜಿಯೋಸ್ಮಿನ್ ಎಂಬ ವಸ್ತು ಮೀನಿನ ಕೊಬ್ಬಿನಲ್ಲಿ ಸೇರುವುದೇ ಕಾರಣ. ತಿಳಿ ನೀರಿನ ತೊಟ್ಟಿಯಲ್ಲಿ ಒಂದೆರಡು ವಾರ ಮೇವಿಲ್ಲದೆ ಬಿಟ್ಟರೆ ವಾಸನೆ ಇಳಿಯುತ್ತದೆ. ವಾಸನೆ ಹೋಯಿತೆಂದರೆ ವಿಷವೂ ಹೋಯಿತೆಂದು ಅರ್ಥವಲ್ಲವಾದ್ದರಿಂದ, ದಟ್ಟ ಕೆನೆಯಿದ್ದ ಹೊಂಡದ ಮೀನಿನ ಕರುಳು, ಪಿತ್ತಜನಕಾಂಗಗಳನ್ನು ತಿನ್ನಬಾರದು.

ಪಾಚಿಯ ಬಗೆ ಖಚಿತವಾಗಿ ತಿಳಿಯಬೇಕಾದವರು ಸ್ವಚ್ಛವಾದ ಸೀಸೆಯಲ್ಲಿ ಮುಕ್ಕಾಲು ಭಾಗ ನೀರು ಹಿಡಿದು, ಒದ್ದೆ ಬಟ್ಟೆ ಸುತ್ತಿ, ಅದೇ ದಿನ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವನ್ನೋ ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಯನ್ನೋ ಸಂಪರ್ಕಿಸಬಹುದು. ಸೀಸೆಯ ಮೇಲೆ ನೀರು ಹಿಡಿದ ಹೊತ್ತು, ಹೊಂಡದ ಅಳತೆ, ಹಿಂದಿನ ತಿಂಗಳು ಹಾಕಿದ ಗೊಬ್ಬರ–ಮೇವಿನ ವಿವರ ಬರೆದಿರಲಿ.